ಎಐ ಸಹಾಯಕಕ್ಕೆ ಎಷ್ಟು ಹೇಳಬೇಕು? ಸೂಚನಾ ಕಡತದ ಬಗ್ಗೆ ಓದುಗರ ಪ್ರಶ್ನೆಗಳು

ಕೋಡ್ ಬರೆಯಲು ಎಐ ಸಹಾಯಕಗಳನ್ನು ಬಳಸುವವರು ತಮ್ಮ ಯೋಜನೆಯ ಜೊತೆಗೆ ಒಂದು ಸೂಚನಾ ಕಡತವನ್ನೂ ಇಟ್ಟಿರುತ್ತಾರೆ. ಈ ಯೋಜನೆಯಲ್ಲಿ ಏನನ್ನು ಹೇಗೆ ಮಾಡಬೇಕು ಎಂಬುದನ್ನು ಅದರಲ್ಲಿ ಸರಳ ಭಾಷೆಯಲ್ಲಿ ಬರೆದಿರುತ್ತದೆ, ಮತ್ತು ಸಹಾಯಕವು ಕೆಲಸ ಆರಂಭಿಸುವ ಮೊದಲು ಅದನ್ನು ತಾನಾಗಿಯೇ ಓದಿಕೊಳ್ಳುತ್ತದೆ. ಈ ಕಡತದ ಕುರಿತು ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ.

ಪ್ರಶ್ನೆ: ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಮಾಡಿಕೊಡುವ ಸಣ್ಣ ತಂಡ ನಮ್ಮದು. ಸಹಾಯಕ ತಪ್ಪು ಮಾಡಿದಾಗಲೆಲ್ಲ ಸೂಚನಾ ಕಡತಕ್ಕೆ ಒಂದೊಂದು ಸಾಲು ಸೇರಿಸುತ್ತ ಬಂದೆವು. ಈಗ ಅದು ಆರು ನೂರು ಸಾಲು ದಾಟಿದೆ. ಆದರೂ ಅದು ಭತ್ತದ ಚೀಲವನ್ನು ಒಂದು ಕ್ವಿಂಟಲ್ ಎಂದೇ ತಿಳಿದು ಲೆಕ್ಕ ಹಾಕುತ್ತದೆ. ಚೀಲದ ತೂಕ ಎಷ್ಟೆಂಬ ಸಾಲು ಕಡತದಲ್ಲಿ ಇದ್ದೇ ಇದೆ. ಇನ್ನೂ ವಿವರವಾಗಿ ಬರೆಯಬೇಕೇ?
— ಓದುಗರು, ಗಂಗಾವತಿ

ಉತ್ತರ: ಬರೆಯಬೇಡಿ. ಇರುವುದರಲ್ಲಿ ಬಹುಪಾಲನ್ನು ಅಳಿಸಿ. ನೀವು ಕಳುಹಿಸಿದ ಕಡತವನ್ನು ಪೂರ್ತಿ ಓದಿದ ಮೇಲೆ ಈ ಮಾತನ್ನು ಹೇಳುತ್ತಿದ್ದೇನೆ.

ಸಹಾಯಕಕ್ಕೆ ನಿನ್ನೆಯ ಮಾತು ಇಂದು ತಾನಾಗಿ ನೆನಪಿರುವುದಿಲ್ಲ. ಪ್ರತಿ ಹೊಸ ಸಂವಾದದ ಆರಂಭದಲ್ಲಿ ನಿಮ್ಮ ಕಡತವಿಡೀ ಅದರ ಮುಂದೆ ಬರುತ್ತದೆ; ಆ ಸಂವಾದ ಮುಗಿಯುವವರೆಗೆ ನೀವು ಕೇಳುವ ಪ್ರತಿಯೊಂದು ಕೆಲಸದ ಜೊತೆಗೂ ಅದು ಇದ್ದೇ ಇರುತ್ತದೆ. ಒಂದು ಗುಂಡಿಯ ಬಣ್ಣ ಬದಲಿಸು ಎಂದಾಗಲೂ ಆರು ನೂರು ಸಾಲು, ಆವಕದ ಲೆಕ್ಕ ಸರಿಪಡಿಸು ಎಂದಾಗಲೂ ಅದೇ ಆರು ನೂರು ಸಾಲು. ಅದರ ಮೇಲೆ ಸಹಾಯಕ ತೆರೆದು ನೋಡುವ ಕೋಡ್ ಕಡತಗಳು, ಪರೀಕ್ಷೆಗಳ ಫಲಿತಾಂಶ ಮತ್ತು ನಿಮ್ಮ ಮಾತುಕತೆ ಸೇರುತ್ತವೆ. ಇಷ್ಟರ ನಡುವೆ ಯಾವ ಸಾಲು ಈ ಕೆಲಸಕ್ಕೆ ಬೇಕಾದದ್ದು ಎಂದು ಅದು ತಾನೇ ಆರಿಸಿಕೊಳ್ಳಬೇಕಾಗುತ್ತದೆ. ಉದ್ದನೆಯ ಪಠ್ಯದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಇರುವ ಮಾಹಿತಿಯನ್ನು ಇಂಥ ಸಹಾಯಕಗಳ ಒಳಗಿರುವ ಭಾಷಾ ಮಾದರಿಗಳು ಚೆನ್ನಾಗಿ ಬಳಸುತ್ತವೆ, ನಡುವೆ ಹೂತುಹೋದದ್ದನ್ನು ಅಷ್ಟು ಚೆನ್ನಾಗಿ ಬಳಸುವುದಿಲ್ಲ ಎಂಬುದನ್ನು ಸ್ಟ್ಯಾನ್‌ಫರ್ಡ್ ಮತ್ತಿತರ ಸಂಸ್ಥೆಗಳ ಸಂಶೋಧಕರು 2023ರಲ್ಲೇ ತೋರಿಸಿದ್ದಾರೆ. ಆ ಬಳಿಕ ಬಂದ ಮಾದರಿಗಳು ಸಾಕಷ್ಟು ಸುಧಾರಿಸಿವೆ. ಆದರೂ ಸಾಲುಗಳು ಹೆಚ್ಚಿದಷ್ಟೂ ಪ್ರತಿ ಸಾಲಿನ ತೂಕ ಇಳಿಯುತ್ತದೆ ಎಂಬ ಮಾತು ಉಳಿದುಕೊಂಡಿದೆ. ಇಂಥ ಸಹಾಯಕಗಳಲ್ಲಿ ಒಂದಾದ ಕ್ಲಾಡ್ ಕೋಡ್‌ನ ಕೈಪಿಡಿಯೇ ಒಂದು ಕಡತ 200 ಸಾಲಿನ ಒಳಗಿರಲಿ ಎಂದು ಹೇಳುತ್ತದೆ. ನನ್ನ ಮಟ್ಟಿಗೆ ನಿಮ್ಮಂಥ ತಂಡಕ್ಕೆ ಅದೂ ಜಾಸ್ತಿ. ಅರವತ್ತು ಎಪ್ಪತ್ತು ಸಾಲು ಧಾರಾಳವಾಯಿತು.

ನಿಮ್ಮ ಕಡತದಲ್ಲಿ ಚೀಲದ ತೂಕದ ಸಾಲು ಎಲ್ಲಿದೆ ಎಂದು ಹುಡುಕಿದೆ. ಅದು 340ನೇ ಸಾಲಿನ ಆಸುಪಾಸಿನಲ್ಲಿ, ಗುಂಡಿಗಳ ಅಂಚು ಎಷ್ಟು ದುಂಡಗಿರಬೇಕು ಎಂಬ ಸೂಚನೆಗೂ ಕಮೆಂಟ್‌ಗಳನ್ನು ಹೇಗೆ ಬರೆಯಬೇಕು ಎಂಬ ಸೂಚನೆಗೂ ನಡುವೆ ಇದೆ. ಕಡತದ ಆರಂಭದಲ್ಲಿ ಇರುವುದೋ, ‘ನೀನು ಇಪ್ಪತ್ತು ವರ್ಷ ಅನುಭವವಿರುವ ಪ್ರೋಗ್ರಾಮರ್, ಸ್ವಚ್ಛವಾದ ಮತ್ತು ಗುಣಮಟ್ಟದ ಕೋಡ್ ಬರೆಯಬೇಕು’ ಎಂಬಂಥ ವಾಕ್ಯಗಳು. ಇವುಗಳಿಂದ ಯಾವ ಕೆಲಸವೂ ಬದಲಾಗುವುದಿಲ್ಲ. ಗುಣಮಟ್ಟವಿಲ್ಲದ ಕೋಡ್ ಬರೆಯಬೇಕೆಂದು ಸಹಾಯಕ ಕಾದು ಕುಳಿತಿರುವುದಿಲ್ಲ. ನಿಮ್ಮ ದೃಷ್ಟಿಯಲ್ಲಿ ಗುಣಮಟ್ಟವೆಂದರೆ ಏನು ಎಂಬುದು ಆ ವಾಕ್ಯದಿಂದ ಅದಕ್ಕೆ ತಿಳಿಯುವುದೂ ಇಲ್ಲ.

ಗಿರಣಿಗೆ ಹೊಸದಾಗಿ ಒಬ್ಬ ಜಾಣ ಗುಮಾಸ್ತ ಸೇರಿದ್ದಾನೆ ಎಂದುಕೊಳ್ಳಿ. ಕೂಡುವುದು ಕಳೆಯುವುದು ಅವನಿಗೆ ಗೊತ್ತು, ಖಾತೆ ಪುಸ್ತಕ ತೆರೆದರೆ ಯಾವ ಕಾಲಂ ಯಾವುದಕ್ಕೆ ಎಂಬುದನ್ನು ಅವನೇ ತಿಳಿದುಕೊಳ್ಳುತ್ತಾನೆ. ಆದರೆ ಅವನು ಹೊರಗಿನ ಊರಿನವನಾದರೆ ನಮ್ಮ ಭಾಗದಲ್ಲಿ ಭತ್ತದ ಚೀಲವೆಂದರೆ 75 ಕೆ.ಜಿ. ಎಂಬುದನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ಸೂಚನಾ ಕಡತಕ್ಕೆ ಸೇರಬೇಕಾದದ್ದು ಈ ಬಗೆಯ ಮಾತು ಮಾತ್ರ: ಕೋಡನ್ನು ಓದಿ ತಿಳಿಯಲಾಗದ, ಹೇಳದಿದ್ದರೆ ಬುದ್ಧಿವಂತನೂ ತಪ್ಪು ಊಹಿಸುವಂಥ ಸಂಗತಿ.

ಈ ಒಂದು ಊಹೆ ಎಷ್ಟು ದುಬಾರಿಯಾಗುತ್ತದೆ ಎಂಬುದನ್ನು ನಿಮ್ಮ ತಂಡದ ಎಲ್ಲರೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು. 200 ಚೀಲ ಭತ್ತವೆಂದರೆ 15,000 ಕೆ.ಜಿ., ಅಂದರೆ 150 ಕ್ವಿಂಟಲ್. ಚೀಲವನ್ನು ಕ್ವಿಂಟಲ್ ಎಂದು ತಿಳಿದರೆ ಅದೇ 200 ಕ್ವಿಂಟಲ್ ಆಗುತ್ತದೆ. 2025–26ನೇ ಸಾಲಿನಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ; ಆ ದರದಲ್ಲಿ ಹಿಡಿದರೂ ಒಂದು ಲೋಡಿನಲ್ಲಿ 1,18,450 ರೂಪಾಯಿಯ ವ್ಯತ್ಯಾಸ ಬೀಳುತ್ತದೆ. ಇಂಥ ಸಂಗತಿ 340ನೇ ಸಾಲಿನಲ್ಲಿ ಇರಬಾರದು. ಕಡತದ ತಲೆಯಲ್ಲೇ ಇರಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

‘ಆವಕದಲ್ಲಿ ಒಂದು ಚೀಲ ಎಂದರೆ 75 ಕೆ.ಜಿ. ಭತ್ತ, ದರ ಬರುವುದು ಕ್ವಿಂಟಲ್‌ಗೆ, ಅಂದರೆ 100 ಕೆ.ಜಿ.ಗೆ. ಪರಿವರ್ತನೆಗೆ ತೂಕದ ಮಾಡ್ಯೂಲಿನಲ್ಲಿರುವ ಫಂಕ್ಷನ್ ಒಂದನ್ನೇ ಬಳಸಬೇಕು; 75 ಎಂಬ ಅಂಕಿಯನ್ನು ಬೇರೆಲ್ಲೂ ಬರೆಯಬಾರದು.’

‘ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಬೇಕು, ತೆರೆಯ ಮೇಲೆ ತೋರಿಸುವಾಗ ಮಾತ್ರ ರೂಪಾಯಿಗೆ ತಂದು, ಲಕ್ಷ ಕೋಟಿಯ ಕ್ರಮದಲ್ಲಿ ಅಲ್ಪವಿರಾಮ ಹಾಕಬೇಕು.’

ಇವೆರಡರಲ್ಲೂ ‘ಬಳಸಬೇಡ’ ಎಂದು ಸುಮ್ಮನಾಗದೆ ಅದರ ಬದಲು ಏನು ಮಾಡಬೇಕೆಂದು ಹೇಳಿರುವುದನ್ನು ಗಮನಿಸಿ. ನಿಮ್ಮ ಕಡತದಲ್ಲಿ ‘ಹಣಕ್ಕೆ ಫ್ಲೋಟ್ ಬಳಸಬೇಡ’ ಎಂದಿದೆ. ಫ್ಲೋಟ್ ಎಂದರೆ ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ಬಗೆ. ಸಹಾಯಕ ಅದನ್ನು ಪಾಲಿಸಿತು, ಆದರೆ ಒಂದು ಕಡೆ ಡೆಸಿಮಲ್, ಇನ್ನೊಂದು ಕಡೆ ಪೈಸೆ, ಮತ್ತೊಂದು ಕಡೆ ಪಠ್ಯ ಎಂದು ಮೂರು ಬಗೆಯಲ್ಲಿ ಹಣವನ್ನು ಇಟ್ಟಿತು. ಸೂಚನೆಯಲ್ಲಿ ದಾರಿಯನ್ನು ಮುಚ್ಚಲಾಗಿತ್ತು, ಬದಲಿ ದಾರಿಯನ್ನು ತೋರಿಸಿರಲಿಲ್ಲ. ಕಾರಣವನ್ನು ನಾಲ್ಕು ಶಬ್ದಗಳಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು: ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಆದ್ದರಿಂದ ಖಾತೆ ತಾಳೆಯಾಗುವುದಿಲ್ಲ ಎಂದು ತಿಳಿದ ಸಹಾಯಕ, ನೀವು ಹೆಸರಿಸದ ಹಮಾಲಿ ಮತ್ತು ದಲಾಲಿಯ ಲೆಕ್ಕಕ್ಕೂ ಅದೇ ನಿಯಮವನ್ನು ಅನ್ವಯಿಸುತ್ತದೆ.

ಇನ್ನು ತೆಗೆಯಬೇಕಾದವುಗಳ ಮಾತು. ಕೋಡಿನಲ್ಲಿ ಎಷ್ಟು ಅಂತರ ಬಿಡಬೇಕು, ಉದ್ಧರಣ ಚಿಹ್ನೆ ಒಂಟಿಯೋ ಜೋಡಿಯೋ, ಸಾಲು ಎಷ್ಟು ಉದ್ದವಿರಬೇಕು ಎಂಬ ಸೂಚನೆಗಳೇ ನಿಮ್ಮಲ್ಲಿ ನೂರಕ್ಕೂ ಹೆಚ್ಚು ಇವೆ. ಪ್ರೆಟಿಯರ್, ರಫ್‌ನಂಥ ಸಲಕರಣೆಗಳು ಈ ಕೆಲಸವನ್ನು ಒಂದೂ ತಪ್ಪದೆ ಮಾಡುತ್ತವೆ. ಅವುಗಳನ್ನು ಯೋಜನೆಯಲ್ಲಿ ಅಳವಡಿಸಿ, ‘ಕೆಲಸ ಮುಗಿದ ಮೇಲೆ ಈ ಆಜ್ಞೆಯನ್ನು ಓಡಿಸಬೇಕು’ ಎಂಬ ಒಂದೇ ಸಾಲನ್ನು ಉಳಿಸಿಕೊಳ್ಳಿ. ಯಾವ ಫೋಲ್ಡರಿನಲ್ಲಿ ಏನಿದೆ ಎಂಬ ಎರಡು ಪುಟದ ಪಟ್ಟಿಯನ್ನೂ ತೆಗೆಯಿರಿ, ಏಕೆಂದರೆ ಸಹಾಯಕವು ಫೋಲ್ಡರುಗಳನ್ನು ತಾನೇ ನೋಡಬಲ್ಲದು, ಮತ್ತು ನೀವು ಬರೆದ ಪಟ್ಟಿಯಲ್ಲಿ ಈಗಾಗಲೇ ಇಲ್ಲದ ಎರಡು ಫೋಲ್ಡರುಗಳ ಹೆಸರಿದೆ.

ತೆರಿಗೆಯ ವಿಚಾರದಲ್ಲಿ ಮಾತ್ರ ಸ್ವಲ್ಪ ನಿಂತು ಹೇಳಬೇಕು. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಂತು. ಆ ಮಿತಿಯ ಕಾರಣಕ್ಕೇ 26 ಕೆ.ಜಿ. ಚೀಲಗಳು ಮಾರುಕಟ್ಟೆಗೆ ಬಂದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ದರ ಮತ್ತು ಮಿತಿಗಳನ್ನು ನೀವು ಸೂಚನಾ ಕಡತದಲ್ಲಿ ಬರೆದಿದ್ದೀರಿ. ಅವು ಇರಬೇಕಾದ ಜಾಗ ಅದಲ್ಲ. ಸರ್ಕಾರ ಬದಲಿಸಬಹುದಾದ ಯಾವುದೇ ಅಂಕಿ ಜಾರಿಗೆ ಬಂದ ದಿನಾಂಕದೊಡನೆ ಡೇಟಾಬೇಸಿನ ಕೋಷ್ಟಕದಲ್ಲಿ ಇರಬೇಕು, ಹಳೆಯ ಬಿಲ್ಲಿಗೆ ಹಳೆಯ ದರ ಸಿಗಬೇಕು. ಕಡತದಲ್ಲಿ ‘ತೆರಿಗೆ ದರವನ್ನು ಕೋಡಿನಲ್ಲಿ ಬರೆಯದೆ, ಬಿಲ್ಲಿನ ದಿನಾಂಕದ ಪ್ರಕಾರ ದರ ಕೋಷ್ಟಕದಿಂದ ತೆಗೆದುಕೊಳ್ಳಬೇಕು’ ಎಂದಿದ್ದರೆ ಸಾಕು. ಕಡತದಲ್ಲಿ ಒಂದು ದರ, ಕೋಷ್ಟಕದಲ್ಲಿ ಇನ್ನೊಂದು ದರ ಇದ್ದಾಗ ಸಹಾಯಕ ಯಾವುದನ್ನು ನಂಬುತ್ತದೆ ಎಂಬುದು ಆ ದಿನದ ಅದೃಷ್ಟವಾಗಿಬಿಡುತ್ತದೆ.

ಪ್ರಶ್ನೆ: ನಾನು ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಪ್ರಾಜೆಕ್ಟ್ ಗುಂಪಿನಲ್ಲಿ ಒಬ್ಬರು ಕ್ಲಾಡ್ ಕೋಡ್, ಒಬ್ಬರು ಕೋಪೈಲಟ್, ಇನ್ನೊಬ್ಬರು ಕರ್ಸರ್ ಬಳಸುತ್ತೇವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಹೆಸರಿನ ಕಡತ ಬೇಕೇ?
— ವಿದ್ಯಾರ್ಥಿ, ರಾಯಚೂರು

ಉತ್ತರ: ಮಾತು ಒಂದೇ ಕಡೆ ಇರಲಿ. ‘ಏಜೆಂಟ್ಸ್ ಡಾಟ್ ಎಂಡಿ’ ಎಂಬ ಹೆಸರಿನ ಕಡತ 2025ರಲ್ಲಿ ಹಲವು ಸಲಕರಣೆಗಳಿಗೆ ಸಾಮಾನ್ಯವಾದ ರೂಪವಾಗಿ ಬೆಳೆಯಿತು. ಓಪನ್‌ಎಐನ ಕೋಡೆಕ್ಸ್, ಕರ್ಸರ್, ಗಿಟ್‌ಹಬ್ ಕೋಪೈಲಟ್ ಇವೆಲ್ಲ ಅದನ್ನು ಓದುತ್ತವೆ, ಮತ್ತು ಅದೇ ವರ್ಷದ ಡಿಸೆಂಬರಿನಲ್ಲಿ ಅದರ ಉಸ್ತುವಾರಿ ಲಿನಕ್ಸ್ ಫೌಂಡೇಷನ್ನಿನ ಆಶ್ರಯಕ್ಕೆ ಹೋಯಿತು. ಕ್ಲಾಡ್ ಕೋಡ್ ಹುಡುಕುವುದು ‘ಕ್ಲಾಡ್ ಡಾಟ್ ಎಂಡಿ’ ಎಂಬ ಕಡತವನ್ನು. ಆ ಹೆಸರಿನಲ್ಲಿ ಒಂದು ಕಡತ ಮಾಡಿ, ಅದರೊಳಗೆ ಅಟ್ (@) ಚಿಹ್ನೆ ಹಾಕಿ ಅದರ ನಂತರ ಏಜೆಂಟ್ಸ್ ಕಡತದ ಹೆಸರನ್ನು ಬರೆದರೆ ಅದರ ಪಠ್ಯವನ್ನು ಅದು ಒಳಗೆ ತೆಗೆದುಕೊಳ್ಳುತ್ತದೆ. ಮೂರು ಕಡತಗಳಲ್ಲಿ ಒಂದೇ ಮಾತನ್ನು ಮೂರು ಸಲ ಬರೆದರೆ ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಮೂರೂ ಬೇರೆ ಬೇರೆ ಮಾತಾಡತೊಡಗುತ್ತವೆ. ‘ನನಗೆ ಉತ್ತರ ಚಿಕ್ಕದಾಗಿ ಕೊಡು’ ಎಂಬಂಥ ಸ್ವಂತ ಇಷ್ಟಗಳನ್ನು ಗುಂಪಿನ ಕಡತದಲ್ಲಿ ಬರೆಯದೆ ನಿಮ್ಮ ಕಂಪ್ಯೂಟರಿನ ಹೋಮ್ ಫೋಲ್ಡರಿನಲ್ಲಿರುವ ವೈಯಕ್ತಿಕ ಕಡತದಲ್ಲಿ ಅಥವಾ ಸಲಕರಣೆಯ ವೈಯಕ್ತಿಕ ಸೆಟ್ಟಿಂಗ್ಸ್‌ನಲ್ಲಿ ಇಟ್ಟುಕೊಳ್ಳಿ. ಬಹುತೇಕ ಎಲ್ಲ ಸಲಕರಣೆಗಳಲ್ಲೂ ಆ ಸೌಲಭ್ಯವಿದೆ.

ಪ್ರಶ್ನೆ: ರೈತರ ಜಮೀನು ಮತ್ತು ಬೆಳೆಯ ವಿವರ ಇಡುವ ಒಂದು ತಂತ್ರಾಂಶವನ್ನು ಸಹಕಾರ ಸಂಘಕ್ಕಾಗಿ ಬರೆಯುತ್ತಿದ್ದೇನೆ. ನನಗೆ ಕನ್ನಡದಲ್ಲಿ ಬರೆಯುವುದೇ ಸುಲಭ. ಸೂಚನಾ ಕಡತವನ್ನು ಕನ್ನಡದಲ್ಲಿ ಬರೆಯಬಹುದೇ, ಇಂಗ್ಲಿಷಿನಲ್ಲೇ ಬರೆಯಬೇಕೇ?
— ಓದುಗರು, ಸಿಂಧನೂರು

ಉತ್ತರ: ಬರೆಯಬಹುದು, ಇಂದಿನ ಪ್ರಮುಖ ಮಾದರಿಗಳಿಗೆ ಕನ್ನಡದ ಸೂಚನೆ ಅರ್ಥವಾಗುತ್ತದೆ. ತಪ್ಪು ಇಂಗ್ಲಿಷಿನಲ್ಲಿ ಅಸ್ಪಷ್ಟವಾಗಿ ಬರೆಯುವುದಕ್ಕಿಂತ ಸ್ಪಷ್ಟವಾದ ಕನ್ನಡದಲ್ಲಿ ಬರೆಯುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಕನ್ನಡದಲ್ಲಿ ಬರೆಯುವವರು ಸಂಕ್ಷೇಪಕ್ಕೆ ಇನ್ನಷ್ಟು ಗಮನ ಕೊಡಬೇಕಾದ ಒಂದು ಕಾರಣವಿದೆ.

ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುತ್ತವೆ, ಮತ್ತು ಆ ಒಡೆಯುವ ಕ್ರಮ ರೂಪುಗೊಂಡದ್ದು ಹೆಚ್ಚಾಗಿ ಇಂಗ್ಲಿಷ್ ಪಠ್ಯದಿಂದ. ಕಂಪ್ಯೂಟರಿನಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರ ಆರು ಯುನಿಕೋಡ್ ಸಂಕೇತಗಳಿಂದ ಕೂಡಿದೆ: ಸ, ವಿರಾಮ (ಸ್ವರವನ್ನು ತೆಗೆಯುವ ಚಿಹ್ನೆ), ತ, ಮತ್ತೆ ವಿರಾಮ, ರ, ಕೊನೆಗೆ ದೀರ್ಘದ ಸಂಕೇತ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು, ಆದ್ದರಿಂದ ಆ ಒಂದು ಅಕ್ಷರ 18 ಬೈಟ್ ತೆಗೆದುಕೊಳ್ಳುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು. ಎಷ್ಟು ಟೋಕನ್ ಆಗುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾದರೂ ಅದೇ ಅರ್ಥದ ಕನ್ನಡ ವಾಕ್ಯ ಇಂಗ್ಲಿಷ್ ವಾಕ್ಯಕ್ಕಿಂತ ಸಾಮಾನ್ಯವಾಗಿ ಹೆಚ್ಚು ಜಾಗ ಹಿಡಿಯುತ್ತದೆ. ಕೆಲವು ಸಲಕರಣೆಗಳಲ್ಲಿ ಮಿತಿಯನ್ನು ಬೈಟ್‌ಗಳಲ್ಲೇ ಇಟ್ಟಿರುತ್ತಾರೆ. ಕೋಡೆಕ್ಸ್ ಇಂಥ ಕಡತಗಳಿಂದ ಒಟ್ಟು 32 ಕಿಲೋಬೈಟ್‌ವರೆಗೆ ಮಾತ್ರ ಓದುವಂತೆ ಆರಂಭದಲ್ಲಿ ಹೊಂದಿಸಿರುತ್ತದೆ. ಪೂರ್ತಿ ಕನ್ನಡದಲ್ಲಿ ಬರೆದರೆ ಅದು ಹತ್ತು ಹನ್ನೊಂದು ಸಾವಿರ ಸಂಕೇತಗಳಿಗೆ ಮುಗಿಯುತ್ತದೆ.

ಭಾಷೆ ಯಾವುದೇ ಇರಲಿ, ನಿಮ್ಮ ಕೆಲಸದ ಶಬ್ದಗಳನ್ನು ಅನುವಾದಿಸಲು ಹೋಗಬೇಡಿ. ಪಹಣಿ, ಹಿಸ್ಸಾ, ಗುಂಟೆ, ಖಾತೆ ಇವು ಕೋಡಿನಲ್ಲಿ ಯಾವ ಹೆಸರಿನಿಂದ ಇವೆಯೋ ಅದೇ ಹೆಸರಿನಿಂದ ಕಡತದಲ್ಲೂ ಇರಲಿ. ಪಹಣಿಗೆ ಕೋಡಿನಲ್ಲಿ ಒಂದು ಹೆಸರು, ಕಡತದಲ್ಲಿ ಇಂಗ್ಲಿಷಿನ ಇನ್ನೊಂದು ಹೆಸರು ಕೊಟ್ಟರೆ ಸಹಾಯಕ ಅವೆರಡೂ ಬೇರೆ ದಾಖಲೆಗಳೆಂದು ತಿಳಿದು ಎರಡು ಕೋಷ್ಟಕ ಮಾಡುವ ಸಾಧ್ಯತೆ ಇದೆ.

ನಿಮ್ಮ ತಂತ್ರಾಂಶಕ್ಕೆ ಅತ್ಯಗತ್ಯವಾದ ಸೂಚನೆ ವಿಸ್ತೀರ್ಣದ್ದು. ಪಹಣಿಯಲ್ಲಿ ‘3-20’ ಎಂದರೆ 3 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಮೂರೂವರೆ ಎಕರೆ. ಇದನ್ನು ಹೇಳದಿದ್ದರೆ ಸಹಾಯಕ 3.20 ಎಂಬ ದಶಮಾಂಶ ಎಂದುಕೊಳ್ಳುವುದು ಸಹಜ. ಒಬ್ಬ ರೈತರಿಗೆ 3-20 ಮತ್ತು 2-30 ಎಂಬ ಎರಡು ತುಂಡುಗಳಿದ್ದರೆ ಮೊತ್ತ 6-10, ಅಂದರೆ ಆರೂಕಾಲು ಎಕರೆ. ದಶಮಾಂಶವಾಗಿ ಕೂಡಿಸಿದರೆ 5.50 ಬರುತ್ತದೆ, ಅಂದರೆ ಮುಕ್ಕಾಲು ಎಕರೆಯೇ ಮಾಯವಾಗುತ್ತದೆ. ಸಾಲದ ಮಿತಿಯನ್ನೋ ಗೊಬ್ಬರದ ಪ್ರಮಾಣವನ್ನೋ ಎಕರೆಯ ಮೇಲೆ ನಿರ್ಧರಿಸುವ ಸಂಘದಲ್ಲಿ ಈ ಮುಕ್ಕಾಲು ಎಕರೆ ಒಬ್ಬ ರೈತರ ಹಕ್ಕು. ‘ವಿಸ್ತೀರ್ಣವನ್ನು ಗುಂಟೆಯಲ್ಲಿ, ಪೂರ್ಣಾಂಕವಾಗಿ ಇಡಬೇಕು, 40 ಗುಂಟೆಗೆ 1 ಎಕರೆ, ತೋರಿಸುವಾಗ ಎಕರೆ-ಗುಂಟೆ ರೂಪದಲ್ಲಿ ತೋರಿಸಬೇಕು’ ಎಂಬ ಒಂದು ಸಾಲು ಇದನ್ನು ತಡೆಯುತ್ತದೆ. ಆಣೆಯ ಲೆಕ್ಕವೂ ಬರುತ್ತದೆ ಎಂದಾದರೆ 16 ಆಣೆಗೆ 1 ಗುಂಟೆ ಎಂಬುದನ್ನೂ ಸೇರಿಸಿ, ಆಗ ಎಲ್ಲವನ್ನೂ ಆಣೆಯಲ್ಲಿ ಇಡಿ. ಜೊತೆಗೆ ‘ಸರ್ವೆ ನಂಬರ್ ಪಠ್ಯ, ಸಂಖ್ಯೆಯಲ್ಲ’ ಎಂಬುದನ್ನೂ ಬರೆಯಿರಿ. 12/3 ಎಂಬ ಸರ್ವೆ ನಂಬರ್ ಎಕ್ಸೆಲ್‌ಗೆ ಹೋಗಿ ದಿನಾಂಕವಾಗಿ ಮರಳುವುದನ್ನು ನೀವೂ ಕಂಡಿರಬೇಕು.

ಹೆಸರು ಹುಡುಕುವ ಭಾಗದಲ್ಲಿ ಇನ್ನೊಂದು ಸಾಲು ಬೇಕಾಗುತ್ತದೆ. ‘ಗೋವಿಂದಪ್ಪ’ ಎಂಬುದರ ‘ಗೋ’ ಅಕ್ಷರದಲ್ಲಿರುವ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಸಂಕೇತಗಳ ಸರಣಿಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ಅಕ್ಷರ ವಿನ್ಯಾಸದಿಂದ ಪರಿವರ್ತಿಸಿದ ದಾಖಲೆಗಳಿದ್ದರೆ ಈ ತೊಂದರೆಯನ್ನು ಎದುರುನೋಡಬೇಕು. ‘ಕನ್ನಡ ಹೆಸರುಗಳನ್ನು ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಎನ್‌ಎಫ್‌ಸಿ ರೂಪಕ್ಕೆ ತರಬೇಕು’ ಎಂದರೆ ಸಾಕು. ಎನ್‌ಎಫ್‌ಸಿ ಎಂದರೆ ಇಂಥ ಸಂಕೇತಗಳನ್ನೆಲ್ಲ ಒಂದೇ ಬಗೆಗೆ ತರುವ ಯುನಿಕೋಡಿನ ಕ್ರಮ; ಇದನ್ನು ಕಡತದಲ್ಲಿ ವಿವರಿಸುವ ಅಗತ್ಯವಿಲ್ಲ. ಅದು ಸಹಾಯಕಕ್ಕೆ ಗೊತ್ತು.

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಪೀಸ್ ಲೆಕ್ಕ ಮತ್ತು ವಾರದ ಬಟವಾಡೆಯ ತಂತ್ರಾಂಶ ನಡೆಸುತ್ತೇವೆ. ‘ನಿಜವಾದ ಡೇಟಾಬೇಸನ್ನು ಎಂದೂ ಮುಟ್ಟಬೇಡ’ ಎಂದು ದಪ್ಪ ಅಕ್ಷರದಲ್ಲಿ, ಮೂರು ಕಡೆ ಬರೆದಿದ್ದರೂ ಸಹಾಯಕ ಒಂದು ದಿನ ಅದರ ಮೇಲೆಯೇ ಮಾರ್ಪಾಟಿನ ಆಜ್ಞೆಯನ್ನು ಓಡಿಸಿತು. ಟೈಲರ್‌ಗಳ ಆ ವಾರದ ಪೀಸುಗಳ ಎಣಿಕೆಯನ್ನು ಬ್ಯಾಕಪ್‌ನಿಂದ ಮರಳಿ ತರಬೇಕಾಯಿತು. ಇನ್ನು ಹೇಗೆ ಬರೆಯಬೇಕು?
— ಓದುಗರು, ಬಳ್ಳಾರಿ

ಉತ್ತರ: ಹೇಗೆ ಬರೆದರೂ ಬರೆದದ್ದು ಬರಹವೇ. ಸೂಚನಾ ಕಡತ ಸಹಾಯಕದ ನಿರ್ಧಾರದ ಮೇಲೆ ಪ್ರಭಾವ ಬೀರುತ್ತದೆ, ಅದರ ಕೈ ಹಿಡಿದು ನಿಲ್ಲಿಸುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ಪಾಲಿಸಿದರೂ ಸಾಲದು ಎನ್ನುವಂಥ ನಿಯಮ ಯಾವುದೇ ಇರಲಿ, ಅದನ್ನು ಕಡತಕ್ಕೆ ಬಿಡಬಾರದು. ಒಂದು ವಾರ ಹೊಲಿದವರ ಕೂಲಿಯ ಲೆಕ್ಕ ಖಂಡಿತವಾಗಿಯೂ ಆ ಗುಂಪಿಗೆ ಸೇರುತ್ತದೆ.

ಮೊದಲು ಮಾಡಬೇಕಾದದ್ದು, ಸಹಾಯಕ ಓಡುವ ಕಂಪ್ಯೂಟರಿನಿಂದ ನಿಜವಾದ ಡೇಟಾಬೇಸಿನ ಪಾಸ್‌ವರ್ಡನ್ನು ತೆಗೆಯುವುದು. ಅದರ ಕೈಗೆ ಸಿಗದ ಬೀಗದ ಕೈಯನ್ನು ಅದು ಬಳಸಲಾರದು. ತಪ್ಪು ಹುಡುಕಲು ನಿಜವಾದ ದತ್ತಾಂಶವನ್ನು ನೋಡಲೇಬೇಕು ಎಂದಾದರೆ ಓದುವ ಹಕ್ಕು ಮಾತ್ರ ಇರುವ ಪ್ರತ್ಯೇಕ ಬಳಕೆದಾರನನ್ನು ಡೇಟಾಬೇಸಿನಲ್ಲಿ ಸೃಷ್ಟಿಸಿಕೊಡಿ. ಎರಡನೆಯದಾಗಿ, ಕ್ಲಾಡ್ ಕೋಡ್‌ನಂಥ ಸಲಕರಣೆಗಳಲ್ಲಿ ಯಾವ ಆಜ್ಞೆಗೆ ಅನುಮತಿ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಸೆಟ್ಟಿಂಗ್ಸ್ ಕಡತದಲ್ಲಿ ಬರೆಯಬಹುದು. ಆಜ್ಞೆ ಓಡುವ ಮುನ್ನ ನಿಮ್ಮದೇ ಒಂದು ಪುಟ್ಟ ಪ್ರೋಗ್ರಾಮ್ ಅದನ್ನು ಪರಿಶೀಲಿಸಿ ತಡೆಯುವಂತೆ ಹುಕ್ ಎಂಬ ವ್ಯವಸ್ಥೆಯೂ ಇದೆ. ಇವು ಮಾದರಿಯ ತಿಳಿವಳಿಕೆಯನ್ನು ಅವಲಂಬಿಸಿಲ್ಲ. ಇವುಗಳನ್ನು ಅಳವಡಿಸಿದ ಮೇಲೆ ಕಡತದಲ್ಲಿ ಉಳಿಯಬೇಕಾದದ್ದು ಇಷ್ಟೇ: ‘ಡೇಟಾಬೇಸಿನ ರಚನೆ ಬದಲಿಸಬೇಕಾದರೆ ಮೈಗ್ರೇಷನ್ ಕಡತ ಬರೆದು, ಪರೀಕ್ಷೆಯ ಡೇಟಾಬೇಸಿನ ಮೇಲೆ ಮಾತ್ರ ಓಡಿಸಿ ತೋರಿಸಬೇಕು.’

ದಪ್ಪ ಅಕ್ಷರದ ಬಗ್ಗೆಯೂ ಒಂದು ಮಾತು. ನಿಮ್ಮ ಕಡತದಲ್ಲಿ ‘ಬಹಳ ಮುಖ್ಯ’ ಎಂಬ ಗುರುತು ಇಪ್ಪತ್ತಕ್ಕೂ ಹೆಚ್ಚು ಸಾಲುಗಳ ಮೇಲಿದೆ, ಬಿಲ್ಲಿನ ತಲೆಬರಹದ ಬಣ್ಣದ ಸಾಲಿನ ಮೇಲೂ ಇದೆ. ಅದನ್ನು ಎರಡೋ ಮೂರೋ ಸಾಲಿಗೆ ಉಳಿಸಿಕೊಳ್ಳಿ.

ನಿಮ್ಮಲ್ಲಿ ಕಟಿಂಗ್, ಹೊಲಿಗೆ, ವಾಷಿಂಗ್ ಎಂದು ಮೂರು ಪ್ರತ್ಯೇಕ ಮಾಡ್ಯೂಲುಗಳಿವೆ. ವಾಷಿಂಗ್‌ಗೆ ಹೊರಗೆ ಕಳುಹಿಸಿದ ಲಾಟ್ ಮರಳಿ ಬಂದಾಗ ಕಡಿಮೆ ಬಿದ್ದ ಪೀಸುಗಳನ್ನು ಯಾರ ಲೆಕ್ಕಕ್ಕೆ ಹಾಕಬೇಕು ಎಂಬ ನಿಯಮ ಹೊಲಿಗೆಯ ಕೂಲಿ ಲೆಕ್ಕ ಬರೆಯುವಾಗ ಬೇಕಾಗಿಲ್ಲ. ಅಂಥವುಗಳನ್ನು ಆಯಾ ಫೋಲ್ಡರಿನೊಳಗೆ ಒಂದೊಂದು ಸಣ್ಣ ಕಡತವಾಗಿ ಇಟ್ಟರೆ ಸಹಾಯಕ ಆ ಫೋಲ್ಡರಿನಲ್ಲಿ ಕೆಲಸ ಮಾಡುವಾಗ ಮಾತ್ರ ಅವು ಅದರ ಮುಂದೆ ಬರುತ್ತವೆ. ಮುಖ್ಯ ಕಡತದಲ್ಲಿ ಮೂರೂ ವಿಭಾಗಗಳಿಗೆ ಅನ್ವಯಿಸುವುದು ಮಾತ್ರ ಇರಲಿ.

ಪ್ರಶ್ನೆ: ಸಹಾಯಕಕ್ಕೇ ಹೇಳಿದರೆ ಯೋಜನೆಯನ್ನೆಲ್ಲ ಓದಿ ಸೂಚನಾ ಕಡತವನ್ನು ತಯಾರಿಸಿಕೊಡುತ್ತದೆ. ನೋಡಲು ಬಹಳ ಅಚ್ಚುಕಟ್ಟಾಗಿದೆ. ಅದನ್ನೇ ಇಟ್ಟುಕೊಂಡರೆ ಆಗದೇ?
— ಓದುಗರು, ಕೊಪ್ಪಳ

ಉತ್ತರ: ಕರಡಾಗಿ ಇಟ್ಟುಕೊಳ್ಳಿ. ಕೋಡನ್ನು ಓದಿ ಅದು ಬರೆದದ್ದನ್ನು ಮತ್ತೆ ಕೋಡನ್ನು ಓದಿಯೇ ತಿಳಿಯಬಹುದು. ಹೀಗಾಗಿ ಅದರಲ್ಲಿ ಹೆಚ್ಚಿನದು ಪುನರುಕ್ತಿ. ಉಪಯೋಗಕ್ಕೆ ಬರುವುದು ಪರೀಕ್ಷೆಗಳನ್ನು ಓಡಿಸುವ, ತಂತ್ರಾಂಶವನ್ನು ಕಟ್ಟುವ ಆಜ್ಞೆಗಳ ಭಾಗ. ಅವನ್ನು ಒಂದೊಂದಾಗಿ ಓಡಿಸಿ ನೋಡಿ, ಸರಿಯಿರುವುದನ್ನು ಉಳಿಸಿ, ಉಳಿದದ್ದನ್ನು ಅಳಿಸಿ, ನಿಮ್ಮ ತಲೆಯಲ್ಲಿ ಮಾತ್ರ ಇರುವ ಸಂಗತಿಗಳನ್ನು ಅದರ ಮೇಲೆ ಬರೆಯಿರಿ. ಗುಟ್ಟಾಗಿಡಬೇಕಾದ ವಿವರಗಳನ್ನೂ ಕಡತದಲ್ಲಿ ಇಡಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅದಕ್ಕೆ ಉತ್ತರ: ಪಾಸ್‌ವರ್ಡ್, ಒಟಿಪಿ ಸೇವೆಯ ಕೀಲಿ, ರೈತರ ಆಧಾರ್ ಸಂಖ್ಯೆಯ ಮಾದರಿ ಇವು ಯಾವುವೂ ಆ ಕಡತದಲ್ಲಿ ಇರಕೂಡದು. ಅದು ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸಿಡುವ ಗಿಟ್‌ಗೆ ಸೇರುತ್ತದೆ, ಎಲ್ಲರಿಗೂ ಕಾಣುತ್ತದೆ, ಮತ್ತು ಗಿಟ್‌ಗೆ ಒಮ್ಮೆ ಸೇರಿದ್ದನ್ನು ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತದೆ. ಈಗಾಗಲೇ ಸೇರಿಸಿದ್ದರೆ ಸಾಲನ್ನು ಅಳಿಸಿದರೆ ಸಾಲದು, ಕೀಲಿಯನ್ನೇ ಬದಲಿಸಬೇಕು.

ಪ್ರಶ್ನೆ: ಯಾವ ಸಾಲು ಬೇಕು, ಯಾವುದು ಬೇಡ ಎಂಬ ವಿಷಯಕ್ಕೆ ನಮ್ಮ ತಂಡದಲ್ಲಿ ಪ್ರತಿ ಸಲ ವಾದವಾಗುತ್ತದೆ. ನಿರ್ಧರಿಸುವ ಬಗೆ ಹೇಗೆ?
— ಓದುಗರು, ಮಾನ್ವಿ

ಉತ್ತರ: ವಾದ ಬಿಟ್ಟು ಪರೀಕ್ಷಿಸಿ. ಅನುಮಾನವಿರುವ ಸಾಲನ್ನು ತೆಗೆದು, ಹೊಸ ಸಂವಾದ ತೆರೆದು, ಆ ಸಾಲಿಗೆ ಸಂಬಂಧಿಸಿದ ನಿಜವಾದ ಒಂದು ಕೆಲಸವನ್ನು ಕೊಡಿ. ಹಳೆಯ ಸಂವಾದದಲ್ಲೇ ಮುಂದುವರಿಸಿದರೆ ಸಾಲು ಇನ್ನೂ ಅದರ ಮುಂದೆ ಇರುತ್ತದೆ, ಆದ್ದರಿಂದ ಪರೀಕ್ಷೆ ಸುಳ್ಳಾಗುತ್ತದೆ. ಸಾಲು ಇಲ್ಲದೆಯೂ ಕೆಲಸ ಸರಿಯಾಗಿ ಬಂದರೆ, ಇನ್ನೂ ಒಂದೆರಡು ಸಲ ನೋಡಿ, ಆ ಸಾಲನ್ನು ಬಿಟ್ಟುಬಿಡಿ. ತಪ್ಪು ಬಂದರೆ ಸಾಲು ಉಳಿಯಲಿ, ಆದರೆ ತಪ್ಪು ಯಾವ ರೂಪದಲ್ಲಿ ಬಂತೆಂದು ನೋಡಿ ಅದಕ್ಕೆ ತಕ್ಕಂತೆ ತಿದ್ದಿ ಬರೆಯಿರಿ.

ಹೊಸ ಸಾಲು ಸೇರಿಸುವಾಗಲೂ ಇದೇ ಕ್ರಮ. ಒಂದು ತಪ್ಪು ಒಮ್ಮೆ ಆದ ಮಾತ್ರಕ್ಕೆ ಕಡತಕ್ಕೆ ಹೋಗಬೇಡಿ. ಆಗಲೇ ಸಂವಾದದಲ್ಲಿ ತಿದ್ದಿ ಮುಂದುವರಿಯಿರಿ. ಅದೇ ತಪ್ಪು ಮತ್ತೆ ಕಂಡರೆ ಕೋಡಿನಲ್ಲೇ ಸರಿಪಡಿಸಲು ಸಾಧ್ಯವೇ ಎಂದು ಮೊದಲು ನೋಡಿ. ಫಂಕ್ಷನ್ನಿನ ಹೆಸರು ದಾರಿ ತಪ್ಪಿಸುವಂತಿದ್ದರೆ ಹೆಸರನ್ನು ಬದಲಿಸಿ, ಒಂದು ಪರೀಕ್ಷೆ ಬರೆದರೆ ತಪ್ಪು ಸಿಕ್ಕಿಬೀಳುತ್ತದೆ ಎಂದಾದರೆ ಪರೀಕ್ಷೆಯನ್ನು ಬರೆಯಿರಿ. ಇವೆರಡೂ ಆಗದಿದ್ದಾಗ ಕಡತಕ್ಕೆ ಸಾಲು ಸೇರಲಿ. ಕಡತದ ಬದಲಾವಣೆಯನ್ನು ಕೋಡಿನ ಬದಲಾವಣೆಯಂತೆಯೇ ತಂಡದ ಇನ್ನೊಬ್ಬರು ನೋಡಿ ಒಪ್ಪಬೇಕು, ಮತ್ತು ಯಾವ ಘಟನೆಗಾಗಿ ಆ ಸಾಲು ಬಂತು ಎಂಬುದು ಗಿಟ್‌ನ ಟಿಪ್ಪಣಿಯಲ್ಲಿ ಇರಬೇಕು. ಆರು ತಿಂಗಳ ಬಳಿಕ ಅದನ್ನು ತೆಗೆಯಬಹುದೇ ಎಂದು ಕೇಳುವವರಿಗೆ ಆ ಟಿಪ್ಪಣಿಯೇ ಉತ್ತರ ಕೊಡುತ್ತದೆ. ಮಾದರಿಯ ಹೊಸ ಆವೃತ್ತಿ ಬಂದಾಗಲೂ ಕಡತವನ್ನು ಒಮ್ಮೆ ತೆರೆದು ಮೊದಲಿನಿಂದ ಓದಿ. ಹಳೆಯ ಮಾದರಿಯ ದೌರ್ಬಲ್ಯಕ್ಕಾಗಿ ಬರೆದ ಸಾಲುಗಳು ಹೊಸದಕ್ಕೆ ಬೇಕಾಗಿರುವುದಿಲ್ಲ.